ಪಾಠ ಬಿಟ್ಟು ಬರೀ ಪಿಯಾನೋ ನುಡಿಸಬಾರದೇ?

"ಮೇಡಮ್ರಿ, ಇಷ್ಟು ಛಂದ ಬಾರಸ್ತೀರಿ. ಪಾಠ ಬಿಟ್ಟು ಬರೇ ಕಾರ್ಯಕ್ರಮ ಯಾಕ ಮಾಡಂಗಿಲ್ಲ?"

ಕಲಬುರಗಿಯಲ್ಲಿ ಎಲ್ಲಿ ಪಿಯಾನೋ ನುಡಿಸಿ ಎದ್ದರೂ ಯಾರಾದರೂ ಹತ್ತಿರ ಬಂದು ಇದನ್ನು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಪಾಠ ಅಂದರೆ ಹೊಟ್ಟೆಪಾಡು, ವೇದಿಕೆ ಅಂದರೆ ಕಲೆ ಅನ್ನುವ ಲೆಕ್ಕ ಆ ಮಾತಿನೊಳಗೆ ಇದೆ. ಅದನ್ನು ನಾನು ಒಪ್ಪುವುದಿಲ್ಲ.

ಹೊಟ್ಟೆಪಾಡೂ ನಿಜವೇ. ಕಾಲೇಜಿನ ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ಕಡೆ ಪಿಯಾನೋ ಕಾರ್ಯಕ್ರಮ ಅಂದರೆ ಕ್ರಿಸ್‌ಮಸ್ ಹೊತ್ತಿಗೆ ಚರ್ಚು, ಕಾಲೇಜಿನ ವಾರ್ಷಿಕೋತ್ಸವ, ಆಗೊಮ್ಮೆ ಈಗೊಮ್ಮೆ ಹೈದರಾಬಾದು. ಅಷ್ಟರಲ್ಲಿ ಮನೆ ನಡೆಯುವುದಿಲ್ಲ. ನಾಳೆ ನಡೆಯುವ ಹಾಗಾದರೂ ನಾನು ಪಾಠ ಬಿಡುವುದಿಲ್ಲ.

ನನ್ನ ಹತ್ತಿರ ಬರುವ ಮಕ್ಕಳಲ್ಲಿ ಜಾಸ್ತಿ ಜನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸಿದವರು. ಸ್ವರಜ್ಞಾನ ಚೆನ್ನಾಗಿರುತ್ತದೆ. ಆದರೆ ಹಾರ್ಮೋನಿಯಂನಲ್ಲಿ ಒಂದು ಕೈ ತಿದಿ ಒತ್ತಬೇಕು, ನುಡಿಸಲು ಉಳಿಯುವುದು ಇನ್ನೊಂದೇ ಕೈ. ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದ ಸ್ವರ ಕರಗತೊಡಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಅದು ದೊಡ್ಡದಾಗುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಕಿವಿಯಲ್ಲೇ ಕೇಳಿಸಬೇಕು. ಕೇಳಿಸಲು ಹೋಗಿ ನಾನೂ ಮತ್ತೆ ಕೇಳಿಸಿಕೊಳ್ಳುತ್ತೇನೆ.

ಸೇಡಂ ಕಡೆಯ ಒಬ್ಬ ಹುಡುಗಿಗೆ ಸಿ ಮೇಜರ್ ಸ್ಕೇಲ್, ಅಂದರೆ ಬರೀ ಬಿಳಿ ಕೀಗಳ ಸ್ವರಸಾಲು, ಹೇಳಿಕೊಡುತ್ತಿದ್ದೆ. ಎಂಟು ಸ್ವರ, ಐದು ಬೆರಳು. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಆದ ಮೇಲೆ ಹೆಬ್ಬೆರಳು ಕೆಳಗಿಂದ ನುಸುಳಿ ನಾಲ್ಕನೇ ಸ್ವರಕ್ಕೆ ಬರಬೇಕು. ಅಲ್ಲಿ ಎಲ್ಲರ ಮೊಣಕೈ ಏಳುತ್ತದೆ, ಸ್ವರ ಧೊಪ್ಪನೆ ಬೀಳುತ್ತದೆ. ಅವಳು ಕೇಳಿದಳು: "ನಿಮ್ಮ ಹೆಬ್ಬಟ್ಟು ಯಾವಾಗ ಹೊಂಡತದ್ರಿ?" ನಿಧಾನವಾಗಿ ನುಡಿಸಿ ನೋಡಿಕೊಂಡೆ. ತೋರುಬೆರಳು ಎರಡನೇ ಸ್ವರ ಮುಟ್ಟಿದಾಗಲೇ ಅದು ಹೊರಟಿರುತ್ತದೆ! ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಎಡಗೈ ನೋಡಿದರೆ ಅದು ಹಾಗೆ ಮಾಡುತ್ತಲೇ ಇರಲಿಲ್ಲ, ತಡವಾಗಿ ಹೊರಡುತ್ತಿತ್ತು. ಎರಡು ತಿಂಗಳು ಅದನ್ನೇ ತಿದ್ದಿದೆ. ಆ ಪ್ರಶ್ನೆ ನನಗೆ ಯಾವ ವೇದಿಕೆಯಲ್ಲೂ ಸಿಗುತ್ತಿರಲಿಲ್ಲ, ಅಲ್ವಾ?

ಹತ್ತೊಂಬತ್ತನೇ ಶತಮಾನದ ದೊಡ್ಡ ಪಿಯಾನೋ ವಾದಕ, ರಚನಕಾರ ಶೋಪ್ಯಾನ್ ಜೀವಮಾನದಲ್ಲಿ ಕೊಟ್ಟ ಸಾರ್ವಜನಿಕ ಕಾರ್ಯಕ್ರಮಗಳು ಸುಮಾರು 30 ಅಷ್ಟೇ. ಪ್ಯಾರಿಸ್‌ನಲ್ಲಿ ಅವರ ಜೀವನ ನಡೆದದ್ದು ಹೆಚ್ಚಾಗಿ ಪಾಠದಿಂದ. ಓದಲು ಸುಲಭವಾದ ಸಿ ಮೇಜರ್ ಕೈಗೆ ಕಷ್ಟ ಅಂತ ಅವರು ಬಿ ಮೇಜರ್‌ನಿಂದ ಶುರು ಮಾಡಿಸುತ್ತಿದ್ದರು. ಅದರಲ್ಲಿ ಉದ್ದ ಬೆರಳುಗಳು ಕಪ್ಪು ಕೀಗಳ ಮೇಲೆ ಸಹಜವಾಗಿ ಕೂರುತ್ತವೆ. ಆ ಹುಡುಗಿಗೂ ಕೊನೆಗೆ ಹಾಗೇ ಮಾಡಿಸಿದೆ. ಒಂದೇ ವಾರದಲ್ಲಿ ಮೊಣಕೈ ಇಳಿಯಿತು.

ಹಾಗಂತ ವೇದಿಕೆಯನ್ನೂ ಬಿಡಲಾರೆ. ಜನರ ಮುಂದೆ ಕೂತು ಕೈ ತಣ್ಣಗಾದಾಗ ನನಗೆ ಮೊದಲು ಮರೆಯುವುದು ಎಡಗೈ. ಅದನ್ನು ಅನುಭವಿಸಿದ್ದಕ್ಕೇ ಮಕ್ಕಳಿಗೆ ಎಡಗೈಯನ್ನು ಬೇರೆಯಾಗಿ, ನೋಡದೆ ನುಡಿಸಲು ಕಲಿಸುತ್ತೇನೆ. ವೇದಿಕೆ ಬಿಟ್ಟರೆ ಇಂಥದ್ದನ್ನೆಲ್ಲ ಸುಮ್ನೆ ಪುಸ್ತಕ ನೋಡಿ ಹೇಳಬೇಕಾಗುತ್ತದೆ.

ಈ ಡಿಸೆಂಬರ್‌ನಲ್ಲಿ ಆ ಸೇಡಂ ಹುಡುಗಿಯೂ ನಾನೂ ಒಂದೇ ಪಿಯಾನೋ ಮುಂದೆ ಕೂತು ನಾಲ್ಕು ಕೈಗಳ ಒಂದು ರಚನೆ ನುಡಿಸುತ್ತಿದ್ದೇವೆ. ಮೇಲಿನ ಭಾಗ ಅವಳದು.