ಒಂದೇ ಹೆಸರಿನ ಎರಡು ಹಡಗು, ಒಂದೇ ಪ್ಯಾನೆಲ್

ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದ ದಿನವೇ ಓನರ್ ಹೇಳಿಕೊಡುವ ಮೊದಲ ಪಾಠ: ಪಾರ್ಟಿ ಕೊಟ್ಟ ಮ್ಯಾಟರ್ ಮುಟ್ಟಬೇಡ. ಒತ್ತು, ದೀರ್ಘ ನೋಡು, ಯಾರದಾದರೂ ಹೆಸರಿನ ಹಿಂದೆ 'ಶ್ರೀ' ಬಿಟ್ಟುಹೋಗಿದೆಯಾ ನೋಡು, ಪ್ರೂಫ್ ಕಳಿಸು, ಓಕೆ ಬಂದ ಮೇಲೆ ಪ್ರಿಂಟಿಗೆ ಹಾಕು. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ನಾನು ಇಷ್ಟು ಕಾಲ ಕೆಲಸ ಮಾಡಿಕೊಂಡು ಬಂದಿದ್ದೂ ಹೀಗೆಯೇ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಸಿದ್ಧಗಂಗೆ ಜಾತ್ರೆ ಹೊತ್ತಿನ ಸ್ವಾಗತದ ಬೋರ್ಡು, ಇವಕ್ಕೆಲ್ಲ ಆ ನಿಯಮ ಸಾಕು. ವಸ್ತುಪ್ರದರ್ಶನದ ಪ್ಯಾನೆಲ್‌ಗೆ ಸಾಲದು. ಅದನ್ನು ನನಗೆ ಕಲಿಸಿದ್ದು ಲ್ಯಾಫಿ ಅನ್ನುವ ಅಮೆರಿಕದ ಡಿಸ್ಟ್ರಾಯರ್, ಅಂದರೆ ವೇಗದ ಯುದ್ಧನೌಕೆ.

ಇಲ್ಲಿನ ಒಂದು ಕಾಲೇಜಿನವರು ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಪ್ರದರ್ಶನ ಇಟ್ಟಿದ್ದರು. ಮ್ಯೂಸಿಯಂ ಆಗಿರುವ ಯುದ್ಧನೌಕೆಗಳ ಬಗ್ಗೆ ಕನ್ನಡದಲ್ಲೇ ಪ್ಯಾನೆಲ್‌ಗಳು. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್, ವಿಶಾಖಪಟ್ಟಣದ ಕುರ್ಸುರಾ ಜಲಾಂತರ್ಗಾಮಿ, ಹೊರದೇಶದ ಕೆಲವು. ಬಯಲುಸೀಮೆಯ ಮಕ್ಕಳು, ಸಮುದ್ರವನ್ನೇ ನೋಡದವರೂ ಅವರಲ್ಲಿ ಇದ್ದರು. ಕಾರವಾರಕ್ಕೆ ಟೂರ್ ಹೋಗುವ ಮೊದಲು ಓದಿಕೊಂಡು ಹೋಗಲಿ ಅನ್ನುವುದು ಅಲ್ಲಿನ ಇತಿಹಾಸದ ಮೇಷ್ಟ್ರ ಆಸೆ. ಒಳ್ಳೆಯ ಕೆಲಸ ಅಂತ ನನಗೂ ಹುಮ್ಮಸ್ಸಿತ್ತು.

ಮ್ಯಾಟರ್ ಬಂದಿದ್ದು ಯೂನಿಕೋಡ್‌ನಲ್ಲಿ. ನಾವು ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್ ಹಳೇ ವರ್ಷನ್, ಅದರಲ್ಲಿ ನುಡಿ ಫಾಂಟ್ ಬಿಟ್ಟರೆ ಬೇರೆ ನಡೆಯದು. ಕನ್ವರ್ಟ್ ಮಾಡಿದರೆ ಅರ್ಕಾವತ್ತು ಎಲ್ಲೋ ಹಾರುತ್ತದೆ, ಒತ್ತಕ್ಷರ ಒಡೆದು ಕೂರುತ್ತದೆ. ಹೊಸ ಸಾಫ್ಟ್‌ವೇರ್ ಹಾಕಿಸಿ ಅಂತ ಕೇಳಿ ಕೇಳಿ ಬಾಯಿ ಒಣಗಿದೆ. ಆ ದಿನದ ಅರ್ಧಭಾಗ ಅಕ್ಷರ ಜೋಡಿಸುವುದರಲ್ಲೇ ಹೋಯಿತು. ಅಕ್ಷರ ನೋಡುವ ಕಣ್ಣು ಅರ್ಥ ನೋಡುವುದಿಲ್ಲ. ಪ್ರೂಫ್‌ಗೆ ಓಕೆ ಬಂತು, ವಿನೈಲ್ ಪ್ರಿಂಟ್ ಆಯಿತು, ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ.

ರಾತ್ರಿ ಸನ್‌ಬೋರ್ಡ್‌ಗೆ ಪೇಸ್ಟಿಂಗ್ ನಡೆಯುತ್ತಿತ್ತು. ಲ್ಯಾಮಿನೇಷನ್ ಮಾಡುವ ಹುಡುಗ, ಶಿರಾ ಕಡೆಯವನು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾ ಕೆಲಸ ಮಾಡುವುದು ಅವನ ಅಭ್ಯಾಸ. ಓದುತ್ತಾ ಓದುತ್ತಾ ನಿಲ್ಲಿಸಿದ. "ಅಕ್ಕ, 1942ರಾಗೆ ಮುಳುಗಿದ್ ಹಡಗು 1944ಕ್ಕೆ ನಾರ್ಮಂಡಿಗೆ ಹೆಂಗೋಯ್ತು?"

ಹೋಗಿ ನೋಡಿದೆ. ನಿಜ. 1942ರ ನವೆಂಬರ್ 13ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ಕದನದಲ್ಲಿ ಜಪಾನಿನ ಹಿಯೆ ಎಂಬ ದೊಡ್ಡ ಯುದ್ಧನೌಕೆಯ ತೀರಾ ಹತ್ತಿರಕ್ಕೆ ನುಗ್ಗಿ ಗುಂಡು ಹಾರಿಸಿ ಮುಳುಗಿತು, ಎಂದು ಒಂದು ಸಾಲು. ಮುಂದಿನ ಸಾಲಿನಲ್ಲಿ ಅದೇ ಹಡಗು 1944ರ ಜೂನ್‌ನಲ್ಲಿ ಫ್ರಾನ್ಸ್ ತೀರದ ನಾರ್ಮಂಡಿಯಲ್ಲಿ ಕಾದುತ್ತಿದೆ.

ಮೇಷ್ಟ್ರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಓನರ್‌ಗೆ ಮಾಡಿದೆ. "ಓಕೆ ಮೆಸೇಜ್ ಇದೆಯಲ್ಲ? ಅಂಟಿಸಿ ಕಳಿಸು" ಅಂದರು. ಅಲ್ಲಿ ನಾನೊಂದು ತೀರ್ಮಾನ ತೆಗೆದುಕೊಂಡೆ. ಈಗಲೂ ಅದನ್ನು ನೆನೆದರೆ ಮೈ ಬಿಸಿಯಾಗುತ್ತದೆ. ಬರೆದವರು ಆವೇಶದಲ್ಲಿ 'ಮುಳುಗಿತು' ಅಂತ ಬರೆದಿದ್ದಾರೆ, ಏಟು ಬಿದ್ದಿರಬೇಕು, ರಿಪೇರಿಯಾಗಿ ಮತ್ತೆ ಹೋಗಿರಬೇಕು ಅಂದುಕೊಂಡೆ. 'ಮುಳುಗಿತು' ತೆಗೆದು 'ತೀವ್ರ ಹಾನಿಗೊಳಗಾಯಿತು' ಅಂತ ಹಾಕಿದೆ. ಪ್ಯಾಚ್ ಪ್ರಿಂಟ್ ತೆಗೆಯಲು ಮೆಷಿನ್‌ಗೆ ಕೊಟ್ಟೆ. ಮತ್ತೆ ಓದಿಸಿದೆ. ಈ ಸಲ ಹುಡುಗ ಎಲ್ಲೂ ನಿಲ್ಲಲಿಲ್ಲ, ಸಲೀಸಾಗಿ ಓದಿದ. ತಪ್ಪು ಇದೆ ಅಂತ ಅವನಿಗೆ ತೋರಿಸಿದ್ದ ಗುರುತನ್ನು ನಾನು ಅಳಿಸಿಹಾಕಿದ್ದೆ.

ಪ್ಯಾಚ್ ಕೂರಿಸಲು ಅಳತೆ ಹಿಡಿಯುವಾಗ ಕಣ್ಣು ತಲೆಬರಹದ ಕೆಳಗಿನ ಸಾಲಿಗೆ ಹೋಯಿತು: 'ಸೇವೆಗೆ ಸೇರ್ಪಡೆ: 1944 ಫೆಬ್ರವರಿ 8'. ಸೇವೆಗೇ ಸೇರದ ಹಡಗು 1942ರಲ್ಲಿ ಯಾರ ಮೇಲೆ ಗುಂಡು ಹಾರಿಸಿತು? ರೋಲರ್ ಕೆಳಗಿಟ್ಟೆ. ಆ ಹೊತ್ತಿಗೆ ಕರೆಂಟೂ ಹೋಯಿತು. ಯುಪಿಎಸ್ ಒಂದು ಸಿಸ್ಟಮ್ ಅಷ್ಟೇ ಹಿಡಿಯುತ್ತದೆ. ಅದರ ಮುಂದೆ ಕೂತು ಅಮೆರಿಕದ ನೌಕಾಪಡೆಯ ಇತಿಹಾಸ ವಿಭಾಗದವರ ಪುಟ ತೆಗೆದೆ. ಆಗ ಬಿಡಿಸಿಕೊಂಡಿತು.

ಲ್ಯಾಫಿ ಒಂದಲ್ಲ, ಎರಡು. ಅಮೆರಿಕದ ಅಂತರ್ಯುದ್ಧದಲ್ಲಿ ಪರಾಕ್ರಮ ತೋರಿ ಮೆಡಲ್ ಆಫ್ ಆನರ್ ಪದಕ ಪಡೆದ ಬಾರ್ಟ್‌ಲೆಟ್ ಲ್ಯಾಫಿ ಎಂಬ ನಾವಿಕನ ಹೆಸರು ಎರಡಕ್ಕೂ. ಡಿಡಿ-459 ಅನ್ನುವ ನಂಬರಿನದು ಗ್ವಾಡಲ್‌ಕೆನಾಲ್‌ನಲ್ಲಿ ಮುಳುಗಿದ್ದು. ಕ್ಯಾಪ್ಟನ್ ಸಹಿತ 59 ಜನ ಸತ್ತರು. ಹಾಗೆ ಕಳೆದುಹೋದ ಹಡಗಿನ ಹೆಸರನ್ನು ಹೊಸ ಹಡಗಿಗೆ ಇಟ್ಟು ಉಳಿಸಿಕೊಳ್ಳುವುದು ನೌಕಾಪಡೆಗಳ ಪದ್ಧತಿ. ಮೇಯ್ನ್ ರಾಜ್ಯದ ಬಾತ್ ಐರನ್ ವರ್ಕ್ಸ್‌ನಲ್ಲಿ ಕಟ್ಟಿದ ಡಿಡಿ-724ಕ್ಕೆ ಹೀಗೆ ಅದೇ ಹೆಸರು ಬಂತು. ನಾರ್ಮಂಡಿಗೆ ಹೋಗಿದ್ದು ಇದು. 1945ರ ಏಪ್ರಿಲ್ 16ರಂದು ಓಕಿನಾವಾ ಬಳಿ ರೇಡಾರ್ ಕಾವಲಿನಲ್ಲಿದ್ದಾಗ ಜಪಾನಿನ ಕಾಮಿಕಾಜಿ ಅಂದರೆ ಆತ್ಮಾಹುತಿ ವಿಮಾನಗಳು ಒಂದರ ಹಿಂದೊಂದು ಬಂದು ಅಪ್ಪಳಿಸಿದ್ದು ಇದಕ್ಕೇ. 32 ಜನ ಸತ್ತು 71 ಜನ ಗಾಯಗೊಂಡರೂ ಹಡಗು ತೇಲುತ್ತಲೇ ಉಳಿಯಿತು. ಒಂದು ತೋಪು ಹಾರುತ್ತಿರುವವರೆಗೂ ಹಡಗು ಬಿಡುವುದಿಲ್ಲ ಎಂದಿದ್ದ ಕಮಾಂಡರ್ ಫ್ರೆಡರಿಕ್ ಬೆಕ್ಟನ್ ಇದರ ನಾಯಕ. 1946ರಲ್ಲಿ ಬಿಕಿನಿಯ ಅಣುಬಾಂಬ್ ಪರೀಕ್ಷೆ, ಆಮೇಲೆ ಕೊರಿಯಾ ಯುದ್ಧ, 1975ರಲ್ಲಿ ನಿವೃತ್ತಿ. 1981ರಿಂದ ದಕ್ಷಿಣ ಕೆರೊಲಿನಾದ ಪೇಟ್ರಿಯಟ್ಸ್ ಪಾಯಿಂಟ್‌ನಲ್ಲಿ ಮ್ಯೂಸಿಯಂ. ನಡುವೆ ತಳ ತೂತುಬಿದ್ದು 2009ರಲ್ಲಿ ಡ್ರೈ ಡಾಕ್‌ಗೆ ಎಳೆದೊಯ್ದು, 2012ರಲ್ಲಿ ಮರಳಿ ತಂದರು. ಎರಡು ಹಡಗಿಗೂ ಪ್ರೆಸಿಡೆನ್ಶಿಯಲ್ ಯೂನಿಟ್ ಸೈಟೇಷನ್ ಅನ್ನುವ ಗೌರವ ಸಿಕ್ಕಿದೆ. ಮ್ಯಾಟರ್ ಮಾಡಿದವರು ಎರಡನ್ನೂ ಬೆರೆಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

'ತೀವ್ರ ಹಾನಿ' ಅಂತ ಹಾಕಿದಾಗ ನಾನು ಮುಚ್ಚಲು ಹೊರಟಿದ್ದು ಆ 59 ಜನರ ಸಾವನ್ನು. ಯಾರೋ ಬರೆದ ತಪ್ಪಿಗಿಂತ ನಾನು ಮಾಡಿದ ತಿದ್ದುಪಡಿ ಕೆಟ್ಟದಾಗಿತ್ತು.

ಮೇಷ್ಟ್ರು ವಾಪಸ್ ಫೋನ್ ಮಾಡಿದರು. "ನೆಟ್‌ನಲ್ಲಿ ಇದ್ದಿದ್ದೇ ಅಲ್ವಮ್ಮ?" ಅಂದರು ಮೊದಲು. ಎರಡು ನಂಬರ್, ಎರಡು ತಾರೀಖು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತೆಗೆದುಬಿಡಿ, ಹೊಸದಾಗಿ ಮಾಡೋಣ, ನಾನೇ ಬರ್ತೀನಿ" ಅಂತ ಹೊರಟೇ ಬಂದರು. ಅಪ್ಪಳಿಸಿದ ವಿಮಾನಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ಥರ ಇತ್ತು. ಅದನ್ನು ಬಿಟ್ಟು ಸತ್ತವರ, ಗಾಯಗೊಂಡವರ ಲೆಕ್ಕ ಮಾತ್ರ ಇಟ್ಟೆವು. ಮೊದಲ ಲ್ಯಾಫಿಗೆ ಬೇರೆಯೇ ಒಂದು ಚೌಕ ಮಾಡಿದೆವು.

ಅವರು ಅಲ್ಲೇ ನಿಂತು ಉಳಿದ ಪ್ಯಾನೆಲ್‌ಗಳನ್ನೂ ಓದಿದರು. ಚಪಲ್ ಪ್ಯಾನೆಲ್‌ನಲ್ಲಿ, 1971ರ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ಕ್ಷಿಪಣಿ ಹಾರಿಸಿದ ನೌಕೆ ಅಂತಿತ್ತು. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್, ವೀರ್. ಪಾಕಿಸ್ತಾನದ ಖೈಬರ್ ಡಿಸ್ಟ್ರಾಯರನ್ನು ಮುಳುಗಿಸಿದ್ದು ನಿರ್ಘಾತ್. ಚಪಲ್ ಅದೇ ಸೋವಿಯತ್ ಮಾದರಿಯ ಮುಂದಿನ ತಲೆಮಾರು. ಮಕ್ಕಳು ಕಾರವಾರದಲ್ಲಿ ಆ ಹಡಗಿನ ಮೇಲೆ ಕೈಯಿಟ್ಟು, ಇದೇ ಕರಾಚಿಗೆ ಹೋಗಿದ್ದು ಅಂದುಕೊಳ್ಳುತ್ತಿದ್ದರು. ಅದೂ ತೆಗೆದೆವು.

ಬೆಳಿಗ್ಗೆ ಓನರ್ ಬಂದವರು ವೇಸ್ಟ್ ಆದ ಸನ್‌ಬೋರ್ಡ್ ನೋಡಿ ಸಿಡಿಮಿಡಿಗೊಂಡರು. ಇದು ಯಾರ ಲೆಕ್ಕಕ್ಕೆ? ಕೂತು ವಿವರಿಸಿದೆ. ಅವರ ಊರು ಕುಣಿಗಲ್ ಹತ್ತಿರ, ಜಮೀನಿನ ಕೋರ್ಟು ಕಚೇರಿ ಕಂಡವರು. "ಅಂದ್ರೆ ತಾತನ ಹೆಸರಿಟ್ಕೊಂಡ ಮೊಮ್ಮಗನ ಪಹಣೀಲಿ ತಾತನ ಜಮೀನೂ ಸೇರ್ಸಿದಂಗೆ" ಅಂದರು. ದುಡ್ಡಿನ ಮಾತು ಅಲ್ಲಿಗೆ ನಿಂತಿತು, ಪೂರ್ತಿ ಬಗೆಹರಿಯಲಿಲ್ಲ. ನಮ್ಮ ಜಾಬ್ ಕಾರ್ಡಿನಲ್ಲಿ ಸೈಜ್, ಐಲೆಟ್, ರೇಟು, ಅಡ್ವಾನ್ಸು ಎಲ್ಲಕ್ಕೂ ಜಾಗ ಇದೆ. ವಿಷಯ ಯಾರು ನೋಡಿದರು ಅನ್ನುವುದಕ್ಕೆ ಇಲ್ಲ. ಒಂದು ಕಾಲಂ ಹಾಕಿಸಿ ಅಂತ ಕೇಳಿದ್ದೇನೆ, ಇನ್ನೂ ಆಗಿಲ್ಲ. ಅಲ್ಲಿಯವರೆಗೆ ನಾನೇ ಪೆನ್ನಿನಲ್ಲಿ ಬರೆಯುತ್ತೇನೆ: ಹಡಗಾದರೆ ನಂಬರ್, ಸೇರಿದ ತಾರೀಖು, ಬಿಟ್ಟ ತಾರೀಖು. ನಮ್ಮ ದೇಶದ ಹಡಗುಗಳಿಗೂ ಇದೇ ಬೇಕು. ಐಎನ್‌ಎಸ್ ಮೈಸೂರು ಅಂದರೆ 1957ರ ಕ್ರೂಸರ್ರೂ ಹೌದು, 1999ರ ಡಿಸ್ಟ್ರಾಯರೂ ಹೌದು. ಮುಂಬೈಯಲ್ಲಿ ಮ್ಯೂಸಿಯಂ ಆಗಿ, ಕೊನೆಗೆ ಗುಜರಿಗೆ ಹೋದ ವಿಕ್ರಾಂತ್ ಬೇರೆ, 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ್ದು ಬೇರೆ. ಮ್ಯಾಟರ್‌ನಲ್ಲಿ ಏನಾದರೂ ತಾಳೆಯಾಗದಿದ್ದರೆ ಈಗ ನಾನು ಪದ ಬದಲಿಸುವುದಿಲ್ಲ, ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಮೇಷ್ಟ್ರು ಈ ಸಲ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಮ್ಯೂಸಿಯಂ ಆಗಿರುವ ಕಿಡ್ ಹಡಗಿನ ಪ್ಯಾನೆಲ್ ಕೇಳಿದ್ದಾರೆ. ಆ ಹೆಸರಿನವು ಮೂರಿವೆ, ಒಂದು ಇವತ್ತಿಗೂ ಸಮುದ್ರದಲ್ಲಿದೆ. ಅವರು ಕಳಿಸಿದ ಮ್ಯಾಟರ್‌ನ ಮೊದಲ ಸಾಲು: 'ಡಿಡಿ-661, ಸೇವೆಗೆ ಸೇರ್ಪಡೆ 1943'.