ಎಡಗಡೆಯ ಪಿನ್ನು

ಸಾಗರ, 14 ಜುಲೈ 2024, ಭಾನುವಾರ, ರಾತ್ರಿ 11.15

ಊಟಕ್ಕೆ ಕೂತಾಗ ಅಪ್ಪಯ್ಯ ಕೇಳಿದ್ದು ಒಂದೇ ಮಾತು. "ಎಡಗಡೆ ಪಿನ್ನು ಮಡಚಿದ್ಯನಾ?"

"ಹ್ಞೂಂ" ಅಂದು ಮಜ್ಜಿಗೆ ಕಲಸಿಕೊಂಡೆ. ಕೈ ತೊಳೆಯುವಾಗ ಶುರುವಾಯಿತು. ಮಡಚಿದ್ದೇನಾ?

ಕಾರಿನ ಸ್ಟೀರಿಂಗ್ ರಿಪೇರಿಯಲ್ಲಿ ನಟ್ಟು ಬಿಚ್ಚಿಕೊಳ್ಳದ ಹಾಗೆ ಹಾಕುವ ಪಿನ್ನು ಅದು, ಎರಡೂ ಗಾಲಿಗೆ ಒಂದೊಂದು. ಬಲಗಡೆಯದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನಟ್ಟಿನ ಹಲ್ಲಿನ ಸಂದಿಯಲ್ಲಿ ಎರಡು ಕಾಲಿನ ಸ್ಪ್ಲಿಟ್ ಪಿನ್ನು ತೂರಿಸಿ, ಒಂದು ಕಾಲನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಇಕ್ಕಳದಲ್ಲಿ ಬಗ್ಗಿಸಿದ್ದೆ. ಬಗ್ಗಿಸುವಾಗ ಹೆಬ್ಬೆರಳಿಗೆ ಚುಚ್ಚಿತ್ತು, ಗಾಯ ಇನ್ನೂ ಇದೆ. ಸಾಕ್ಷಿ ಅಂದರೆ ಅದು. ಎಡಗಡೆಗೆ ಸಾಕ್ಷಿಯಿಲ್ಲ.

ನಮ್ಮ ಹಳೇ ಮಾರುತಿ 800 ಎರಡು ತಿಂಗಳಿಂದ ಹೊಂಡಕ್ಕೆ ಇಳಿದಾಗಲೆಲ್ಲ ಕಟ್ ಕಟ್ ಅನ್ನುತ್ತಿತ್ತು. ಗ್ಯಾರೇಜಿನವರು ಸ್ಟೀರಿಂಗ್ ತಿರುಗಿಸಿದಾಗ ಗಾಲಿಗಳನ್ನು ತಿರುಗಿಸುವ ಇಡೀ ರ್ಯಾಕೇ ಹೋಗಿದೆ ಅಂದಿದ್ದರು. ನಮ್ಮ ಹಳೇ ಮೆಕ್ಯಾನಿಕ್ ಸಾಬರು ಬಂದು, ಗಾಡಿಗೆ ಜಾಕ್ ಕೊಟ್ಟು, ಗಾಲಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸು ಅಂತ ನನಗೆ ಹೇಳಿ, ತಾವು ರ್ಯಾಕಿನ ರಾಡನ್ನು ಗಾಲಿಗೆ ಸೇರಿಸುವ ಗುಂಡಿನ ಕೀಲು, ಅಂದರೆ ಟೈ ರಾಡ್ ಎಂಡಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿದ ಹಾಗೆ ಕೂತರು. "ರ್ಯಾಕು ಗಟ್ಟಿ ಇದೆ. ಎರಡೂ ಎಂಡು ಸತ್ತಿದೆ, ರಬ್ಬರ್ ಬೂಟು ಹರಿದಿದೆ. ನೀನೇ ಹಾಕು." ಮಂಡಿ ನೋವಿನಿಂದ ಅವರು ಈಗ ಗಾಡಿ ಅಡಿಗೆ ಹೋಗುವುದಿಲ್ಲ. 2003ರ ಗಾಡಿ, ಪವರ್ ಸ್ಟೀರಿಂಗ್ ಇಲ್ಲ, ಬಿಚ್ಚುವುದಕ್ಕೆ ಹೆಚ್ಚೇನೂ ಇಲ್ಲ ಅನ್ನುವ ಧೈರ್ಯದಲ್ಲಿ ನಿನ್ನೆ ಬೆಳಿಗ್ಗೆ ಗೋಣಿಚೀಲ ಹಾಸಿಕೊಂಡು ಮಲಗಿದೆ.

ಬಿಚ್ಚುವುದು ಸುಲಭವೇ. ನಟ್ಟು ಸಡಿಲಿಸಿ, ಎಂಡು ಕೂತಿರುವ ಕಿವಿಗೆ ಪಕ್ಕದಿಂದ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟರೆ ಟಪ್ಪನೆ ಬಿಟ್ಟುಕೊಳ್ಳುತ್ತದೆ. ವಾಪಸ್ ಹಾಕುವಾಗಲೇ ಬುದ್ಧಿ ಕಲಿಸಿತು. ಎಡಗಡೆ ನಟ್ಟು ಬಿಗಿ ಮಾಡಿದರೆ ಅದರ ಜೊತೆ ಒಳಗಿನ ಗುಂಡೂ ಗರಗರ ತಿರುಗಿತು. ಗ್ರೀಸು ಒರೆಸಿ, ಕಬ್ಬಿಣದ ಪಟ್ಟಿ ಕೊಟ್ಟು ಒತ್ತಿ ಹಿಡಿದ ಮೇಲೆ ಕಚ್ಚಿಕೊಂಡಿತು. ಬಿಗಿ ಆಯಿತು ಅನ್ನುವಾಗ ಪಿನ್ನಿನ ತೂತು ನಟ್ಟಿನ ಸಂದಿಗೆ ಸರಿಯಾಗಿ ಬರಲಿಲ್ಲ. ಆಗ ಸಡಿಲಿಸಿ ತೂತು ಹುಡುಕಬಾರದು, ಇನ್ನೊಂಚೂರು ಬಿಗಿ ಮಾಡಿಯೇ ಹುಡುಕಬೇಕು. ಹಾಗೇ ಮಾಡಿದೆ. ಪಿನ್ನು ತೂರಿಸಿದೆ. ಅಷ್ಟು ಹೊತ್ತಿಗೆ ಪುಟ್ಟಿ ಓಡಿ ಬಂದು, "ಅಪ್ಪಾ, ನಿನ್ನ ಕಾಲಲ್ಲಿ ಉಂಬಳ!" ಅಂತ ಕಿರುಚಿದಳು. ಎರಡಿದ್ದವು. ಉಪ್ಪು ತಂದು ಹಾಕಿದ್ದು, ರಕ್ತ ನಿಲ್ಲದೇ ಇದ್ದದ್ದು, ಇವಳು ಬೈದಿದ್ದು, ಎಲ್ಲ ನೆನಪಿದೆ. ಇಕ್ಕಳ ಮತ್ತೆ ಕೈಗೆ ತಗೊಂಡದ್ದು ನೆನಪಿಲ್ಲ.

ಸಂಜೆ ಓಣಿಯಲ್ಲಿ ಒಂದು ಸುತ್ತು ಹೊಡೆದರೆ ಗಾಡಿ ನೇರ ಹೋಗುತ್ತದೆ, ಸ್ಟೀರಿಂಗ್ ಮಾತ್ರ ವಾರೆ! ಸಾಬರಿಗೆ ಫೋನು ಮಾಡಿದೆ.

"ಸಾಬ್ರೆ, ಸ್ಟೀರಿಂಗ್ ವೀಲ್ ಎಳೆದು ಎರಡು ಹಲ್ಲು ಆಚೆ ಕೂರಿಸಿಬಿಡ್ಲಾ? ನೇರ ಆಗ್ತದೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಟೀವಿ ಸದ್ದು.

"ಟೋಪಿ ನೇರ ಮಾಡಿದ್ರೆ ಕುತ್ತಿಗೆ ಉಳುಕು ಹೋಗ್ತದಾ ತಮ್ಮಾ? ಬಿಚ್ಚೋ ಮೊದಲು ನೇರ ಇತ್ತಲ್ಲ, ಹಲ್ಲು ಸರಿ ಇದೆ ಅಂತಾಯ್ತು. ಎಂಡು ಎಷ್ಟು ಒಳಗೆ ಹಾಕಿದೀಯ?"

"ಸುತ್ತು ಎಣಿಸಿದೀನಿ. ಬಿಚ್ಚುವಾಗ ಎರಡೂ ಕಡೆ 16 ಇತ್ತು, ಹಾಕುವಾಗಲೂ 16." ಗುರುತಿಗೆ ಇವಳ ನೈಲ್ ಪಾಲಿಶ್ ಕೂಡ ಹಚ್ಚಿದ್ದೆ. ಅದನ್ನು ಹೇಳಲಿಲ್ಲ.

"ಹೊಸ ಎಂಡನ್ನ ಹಳೇದರ ಪಕ್ಕ ಇಟ್ಟು ನೋಡಿದೀಯಾ?"

ನೋಡಿರಲಿಲ್ಲ. ಅಂಗಡಿಯಲ್ಲಿ ಒಂದೇ ಕಂಪನಿಯ ಜೋಡಿ ಇರಲಿಲ್ಲ, ಒಂದೊಂದು ಒಂದೊಂದು ಕಂಪನಿಯದು ತಂದಿದ್ದೆ. ಇವತ್ತು ಟೇಪು ಹಿಡಿದರೆ ಎಡಗಡೆಯದ್ದು ನಾಲ್ಕು ಮಿಲಿಮೀಟರು ಉದ್ದ. ಉದ್ದವೇ ಬೇರೆ ಇದ್ದಮೇಲೆ ಸುತ್ತು ಎಣಿಸಿ ಏನು ಬಂತು? ಗುಂಡಿನ ನಡುವಿನಿಂದ, ಎಂಡನ್ನು ರಾಡಿಗೆ ಬಿಗಿಯುವ ಲಾಕ್ ನಟ್ಟಿನವರೆಗೆ ಅಳೆಯಬೇಕಿತ್ತು. ಇಷ್ಟು ಓದಿದವನಿಗೆ ಇದು ಹೊಳೆಯಬೇಕಿತ್ತು, ಬಿಡಿ. ರ್ಯಾಕಿನ ಬೂಟಿನ ಕ್ಲಿಪ್ಪು ತೆಗೆದು, ಲಾಕ್ ನಟ್ಟು ಸಡಿಲಿಸಿ, ಬೂಟು ತಿರುಚದ ಹಾಗೆ ರಾಡನ್ನು ಅಷ್ಟೇ ಒಳಗೆ ತಿರುಗಿಸಿದೆ. ಮತ್ತೆ ಓಡಿಸಿ ನೋಡಿದೆ. ಸ್ಟೀರಿಂಗ್ ನೇರ, ಕಟ್ ಕಟ್ ಇಲ್ಲ. ಆ ಖುಷಿಯಲ್ಲಿ ಹಲಸಿನ ಹಪ್ಪಳ ಎಂಟು ತಿಂದೆ.

ಸಂಕಟ ಇರುವುದು ಇಲ್ಲೇ. ಇವತ್ತು ಅರ್ಧ ಗಂಟೆ ಆ ಪಿನ್ನಿನ ಮುಂದೆಯೇ ಮಲಗಿದ್ದೆ. ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ನೋಡುತ್ತಿದ್ದದ್ದು ಟೇಪನ್ನು.

ನಾಳೆ ಅಪ್ಪಯ್ಯನನ್ನು ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಕರೆದೊಯ್ಯಬೇಕು, ಹಾಗೇ ಗಾಲಿಗಳ ಅಲೈನ್‌ಮೆಂಟೂ ಮಾಡಿಸಬೇಕು. ಎಪ್ಪತ್ತು ಕಿಲೋಮೀಟರಿನ ಮೇಲೆ. ಆನಂದಪುರ ದಾಟಿದ ಮೇಲೆ ಬಸ್ಸಿನವರು ಹೇಗೆ ಬರುತ್ತಾರೆ ಅಂತ ಗೊತ್ತಲ್ಲ. ಪಿನ್ನು ಮಡಚದಿದ್ದರೂ ನಟ್ಟು ಬಿಗಿ ಇದೆ, ಒಂದೇ ದಿನಕ್ಕೆ ಬಿಚ್ಚಿಕೊಳ್ಳುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವವರಿಗಾಗಿಯೇ ಪಿನ್ನು ಇಟ್ಟಿರುವುದು. ಎಂಜಿನ್ನು ಕೆಟ್ಟರೆ ಗಾಡಿ ರಸ್ತೆ ಬದಿಗೆ ನಿಲ್ಲುತ್ತದೆ, ಇದು ಬಿಟ್ಟರೆ ಗಾಲಿ ತನಗೆ ಬೇಕಾದ ಕಡೆ ಹೋಗುತ್ತದೆ.

ಬೆಳಿಗ್ಗೆ ನೋಡಿದರಾಯಿತು ಅಂತ ಮಲಗಿದೆ. ನಿದ್ದೆ ಬರಲಿಲ್ಲ, ಎದ್ದು ಇದನ್ನು ಬರೆಯುತ್ತಿದ್ದೇನೆ. ಮಳೆ ಹೆಂಚಿನ ಮೇಲೆ ಸುರಿಯುತ್ತಲೇ ಇದೆ. ಕರೆಂಟು ಒಂಬತ್ತಕ್ಕೇ ಹೋಯಿತು.

ಈಗ ಜಗಲಿಯ ಬಾಗಿಲಿನ ಚಿಲಕ ತೆಗೆದ ಸದ್ದು. ಕಿಟಕಿಯಿಂದ ನೋಡಿದರೆ ಕೊಡೆ, ಅದರಡಿ ಬ್ಯಾಟರಿ ಬೆಳಕು, ನಿಧಾನ ಗಾಡಿಯ ಹತ್ತಿರ ಹೋಗುತ್ತಿದೆ. ಪೊರೆ ಬಂದ ಕಣ್ಣಿಗೆ ಆ ಪಿನ್ನೆಲ್ಲಿ ಕಾಣಬೇಕು! ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟರೆ ಗಾಲಿಯ ಹಿಂದೆ ಕೈ ಹಾಕಿ ಸವರಿ ನೋಡಬಹುದು. ಬ್ಯಾಟರಿಯನ್ನು ಬಾನೆಟ್ ಮೇಲಿಟ್ಟು ಗಾಡಿಯ ಬಾಗಿಲು ತೆಗೆದರು. ನಾನು ಎದ್ದು ಹೋಗಬೇಕು, ಚಪ್ಪಲಿ ಎಲ್ಲಿ