ಯೋಗಿಯ ಟೈ, ಟೊಟೊರೊನ ಕೊಡೆ

ಆನಿಮೇಷನ್ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಕೈಯಲ್ಲಿ ಬರೆದ ಹಳೇ ಕಾರ್ಟೂನ್ ನಿಮಗಿಷ್ಟ ಆಗೋದು ಚಿಕ್ಕವರಿದ್ದಾಗ ನೋಡಿದ್ದಕ್ಕೇ ಅಲ್ವಾ?"

ಅರ್ಧ ಹೌದು. ನೆನಪು ದೊಡ್ಡ ಸುಳ್ಳುಗಾರ. ಚಿಕ್ಕಂದಿನಲ್ಲಿ ಟೀವಿ ಕಾರ್ಟೂನಿನ ಯೋಗಿ ಕರಡಿ ಅಂದರೆ ಪ್ರಾಣ ಬಿಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಮತ್ತೆ ಹಾಕಿಕೊಂಡು ಕೂತೆ. ಅವನು ಓಡುವಾಗ ಹಿಂದೆ ಅದೇ ಮರ, ಅದೇ ಬಂಡೆ, ಮತ್ತೆ ಅದೇ ಮರ. ಮಾತಾಡುವಾಗ ಮೈ ಅಲ್ಲಾಡುವುದೇ ಇಲ್ಲ. ಕಾಡಿನ ಕರಡಿಗೆ ಕಾಲರ್, ಟೈ ಯಾಕೆ ಅಂತ ಆಗ ಯೋಚಿಸಿರಲೇ ಇಲ್ಲ. ಟೀವಿ ಕಾರ್ಟೂನಿಗೆ ದುಡ್ಡೂ ಕಡಿಮೆ, ಸಮಯವೂ ಕಡಿಮೆ. ಕಾಲರ್ ಇದ್ದರೆ ತಲೆ, ಮೈ ಸೇರುವ ಗೆರೆ ಮುಚ್ಚಿಹೋಗುತ್ತದೆ. ಮೈಯ ಚಿತ್ರ ಹಾಗೇ ಇಟ್ಟು ತಲೆಯನ್ನಷ್ಟೇ ಮತ್ತೆ ಮತ್ತೆ ಬರೆದರಾಯಿತು. ಜಾಣತನವೇ, ಆದರೆ ನೋಡುತ್ತಾ ಕೂರಲು ಕಷ್ಟ.

ಇನ್ನರ್ಧಕ್ಕೆ ಈ ಉತ್ತರ ಸಾಲದು. ಜಪಾನಿನ ನಿರ್ದೇಶಕ ಮಿಯಾಝಾಕಿಯ 'ಮೈ ನೇಬರ್ ಟೊಟೊರೊ' 1988ರ ಕೈಬರಹದ ಆನಿಮೇಷನ್ ಸಿನಿಮಾ. ನಾನು ಅದನ್ನು ಮೊದಲು ನೋಡಿದ್ದು ತಲೆಯಲ್ಲಿ ಬಿಳಿ ಕೂದಲು ಇಣುಕಿದ ಮೇಲೆ. ನನ್ನ ಬಾಲ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಬಸ್ ಸ್ಟಾಪಿನ ದೃಶ್ಯ ಬಂದಾಗ, ಇಲ್ಲಿ ನಾನೂ ಒಮ್ಮೆ ನಿಂತಿದ್ದೆನಲ್ಲ ಅನ್ನಿಸಿತು.

ಮಳೆ, ಕತ್ತಲು. ಇಬ್ಬರು ಅಕ್ಕತಂಗಿಯರು ಅಪ್ಪನಿಗೆ ಕೊಡೆ ತಂದು ಕಾಯುತ್ತಿದ್ದಾರೆ. ಬಸ್ ಬರುತ್ತಿಲ್ಲ. ತಂಗಿಗೆ ನಿದ್ದೆ, ಅಕ್ಕ ಬೆನ್ನ ಮೇಲೆ ಹೊತ್ತುಕೊಳ್ಳುತ್ತಾಳೆ. ಆಮೇಲೆ ಕೊಡೆಯ ಅಂಚಿನ ಕೆಳಗೆ ಎರಡು ಪಾದ ಕಾಣುತ್ತವೆ, ಉಗುರಿರುವ ದೊಡ್ಡ ಪಾದ. ಅಷ್ಟೇ. ಪೂರ್ತಿ ಪ್ರಾಣಿಯನ್ನು ಒಮ್ಮೆಗೇ ತೋರಿಸಿದ್ದರೆ ಕೆಟ್ಟುಹೋಗುತ್ತಿತ್ತು. ಮಗುವಿನ ಎತ್ತರದಿಂದ, ಕೊಡೆಯೊಳಗಿಂದ ಎಷ್ಟು ಕಾಣುತ್ತದೋ ಅಷ್ಟೇ ನಮಗೂ ಸಿಗುತ್ತದೆ. ಆ ಪಾದಗಳ ಒಡೆಯ, ಕಾಡಿನ ದೊಡ್ಡ ಪ್ರಾಣಿ ಟೊಟೊರೊ, ತಲೆ ಮೇಲೆ ಎಲೆ ಇಟ್ಟುಕೊಂಡು ನೆನೆಯುತ್ತಿದ್ದಾನೆ. ಹುಡುಗಿ ಅಪ್ಪನ ಕೊಡೆ ಕೊಡುತ್ತಾಳೆ. ಮರದಿಂದ ಹನಿ ಬಿದ್ದು ಕೊಡೆ ಟಪ್ ಅಂದಾಗ ಅವನ ಕಣ್ಣು ಅರಳುತ್ತದೆ. ಈ ಸದ್ದು ಇನ್ನೂ ಜಾಸ್ತಿ ಬೇಕು ಅವನಿಗೆ. ಒಂದು ಸಲ ಎಗರಿ ನೆಲಕ್ಕೆ ಬೀಳುತ್ತಾನೆ, ಮರಗಳಲ್ಲಿದ್ದ ನೀರೆಲ್ಲ ಒಟ್ಟಿಗೇ ಸುರಿಯುತ್ತದೆ.

ಯಾರೂ ಏನನ್ನೂ ವಿವರಿಸುವುದಿಲ್ಲ. ಕಾಯುವ ಬೇಸರ, ಹೆದರಿಕೆ, ಆಮೇಲೆ ಗೆಳೆತನ, ಎಲ್ಲ ಚಿತ್ರದಲ್ಲೇ ಇದೆ. ನಾವೆಲ್ಲ ಯಾವತ್ತೋ ಹಾಗೆ ಸುಮ್ನೆ ಕಾದಿದ್ದೇವಲ್ಲ, ಆ ಕಾಯುವಿಕೆಯನ್ನು ಅವರು ಬರೆದಿದ್ದಾರೆ.

ಹಾಗಂತ ಕಂಪ್ಯೂಟರ್ ಮೇಲೆ ನನಗೇನೂ ಕೋಪವಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡುತ್ತವೆ. ಕೈಯಲ್ಲಿ ಬರೆಯುವವರು ಎಷ್ಟೋ ಸಲ 12 ಚಿತ್ರ ಬರೆದು ಒಂದೊಂದನ್ನೂ ಎರಡು ಫ್ರೇಮ್ ನಿಲ್ಲಿಸುತ್ತಿದ್ದರು. 2018ರ ಸ್ಪೈಡರ್‌ಮ್ಯಾನ್ ಸಿನಿಮಾ 'ಸ್ಪೈಡರ್‌-ವರ್ಸ್' ಕಂಪ್ಯೂಟರಿನಲ್ಲೇ ಆಗಿದ್ದು. ಅದರಲ್ಲಿ ಸ್ಪೈಡರ್‌ಮ್ಯಾನ್ ಆಗಲು ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್ ಕೆಲವು ಕಡೆ ಹೀಗೇ ಎರಡೆರಡು ಫ್ರೇಮಿಗೊಮ್ಮೆ ಚಲಿಸುತ್ತಾನೆ. ಪಕ್ಕದಲ್ಲಿರುವ ಪಳಗಿದ ಸ್ಪೈಡರ್‌ಮ್ಯಾನ್ ಪೀಟರ್ ನುಣುಪಾಗಿ ಹಾರುತ್ತಾನೆ. ಹುಡುಗನಿಗೆ ಇನ್ನೂ ಬರುವುದಿಲ್ಲ ಅಂತ ಒಂದು ಮಾತೂ ಇಲ್ಲದೆ ಗೊತ್ತಾಗುತ್ತದೆ.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ, ಸೌಂಡ್ ಪೂರ್ತಿ ತೆಗೆದು ಹತ್ತು ನಿಮಿಷ ನೋಡಿ ಅನ್ನುತ್ತೇನೆ. ಟೊಟೊರೊನ ಕೊಡೆ ಮೇಲೆ ಬಿದ್ದ ಹನಿ ಆಗಲೂ ಕೇಳಿಸುತ್ತದೆ, ಅವನ ಕಣ್ಣಲ್ಲಿ. ಯೋಗಿಯ ದನಿ ತೆಗೆದರೆ ಉಳಿಯುವುದು ಒಂದು ತಲೆ, ಒಂದು ಟೈ. ಅವನನ್ನು ನಾನು ಈಗಲೂ ಆಗಾಗ ನೋಡುತ್ತೇನೆ, ಸೌಂಡ್ ಜೋರಾಗಿಟ್ಟುಕೊಂಡು. ಅದಕ್ಕೆ ಮಾತ್ರ ನೀವು ಹೇಳಿದ್ದೇ ಕಾರಣ.